ರಾಗಿ ಕೊಯ್ಲು ಟೈಮಲ್ಲಿ ಪುಟ್ಟ ಮಕ್ಕಳನ್ನ ಯಾರು ನೋಡ್ಕೋತೀರ? ಹೊಲ-ಮನೆ ಇರೋರು ದಯವಿಟ್ಟು ಹೇಳಿ

ರಾಜಾನುಕುಂಟೆ ಸೊಸೆ
ಡಿಸೆಂಬರ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಹನುಮಂತನಗರದಲ್ಲಿ. ಮದುವೆಯಾಗಿ ಐದು ವರ್ಷ ಆಯ್ತು, ಯಲಹಂಕ ದಾಟಿ ರಾಜಾನುಕುಂಟೆ ಹತ್ತಿರದ ಹಳ್ಳಿಗೆ ಬಂದೆ. ನಾಲ್ಕು ಎಕರೆ ಜಮೀನು, ಮೂರು ಸೀಮೆಹಸು. ಎರಡೂವರೆ ಎಕರೆಗೆ ರಾಗಿ, ರಾಗಿ ಮಧ್ಯ ಬಿಟ್ಟ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ. ಮನೇಲಿ ಮಾವ, ಅತ್ತೆ, ನಮ್ಮೆಜಮಾನ್ರು, ನಾನು. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಎಂಟು ತಿಂಗಳು.

ಹೋದ ವಾರದಿಂದ ರಾಗಿ ಕೊಯ್ಲು ನಡೀತಿದೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಕಳಿಸಿ, ತಿಂಡಿ ಮಾಡಿ, ಆಳುಗಳಿಗೆ ಊಟ ಕಟ್ಟಿ ಹೊಲಕ್ಕೆ ಹೋಗೋದು. ಪಾಪುನ ಹೊಂಗೆ ಮರಕ್ಕೆ ಜೋಲಿ ಕಟ್ಟಿ ಮಲಗಿಸ್ತೀನಿ. ಮಗಳು ಅಲ್ಲೇ ಆಡ್ಕೊಂಡಿರ್ತಾಳೆ ಅಂತ ಎಲ್ಲರೂ ಅಂದ್ಕೊಂಡಿರ್ತೀವಿ. ನಿನ್ನೆ ಆಗಿದ್ದನ್ನ ಹೇಳ್ತೀನಿ. ಕಟ್ಟು ಕಟ್ತಾ ಇದ್ದೆ, ತಲೆ ಎತ್ತಿ ನೋಡಿದ್ರೆ ಮರದ ಕೆಳಗೆ ಮಗಳಿಲ್ಲ. ಅತ್ತೆ ಜೊತೆ ಇದಾಳೆ ಅಂದ್ಕೊಂಡೆ. ಅತ್ತೆ ನನ್ನ ಜೊತೆ ಇದಾಳೆ ಅಂದ್ಕೊಂಡಿದ್ರು. ಮಾವ ಮನೆಗೆ ಹೋಗಿದಾಳೆ ಅಂದ್ಕೊಂಡಿದ್ರು. ಕೊನೆಗೆ ಸಿಕ್ಕಿದ್ದು ಕೃಷಿ ಹೊಂಡದ ದಡದಲ್ಲಿ. ಮಡಿಲ ತುಂಬ ಅವರೆ ಹೂ ಕಿತ್ಕೊಂಡು, ಒಂದೊಂದೇ ನೀರಿಗೆ ಬಿಟ್ಟು, ತೇಲ್ಕೊಂಡು ಹೋಗೋದನ್ನ ನೋಡ್ತಾ ಕೂತಿದ್ಲು. ಕಾಲು ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಮೇಲಿತ್ತು. ನಾನು ಕೂಗಲಿಲ್ಲ. ಕೂಗಿದ್ರೆ ತಿರುಗಿ ಜಾರ್ತಾಳೆ ಅಂತ ಹಿಂದಿನಿಂದ ಮೆತ್ತಗೆ ಹೋಗಿ ತಬ್ಕೊಂಡೆ. ಇವತ್ತೂ ಕೈ ನಡುಗ್ತಿದೆ.

ಇದರ ಜೊತೆಗೆ ಚಳಿ. ಪಾಪುಗೆ ನಾಲ್ಕು ದಿನದಿಂದ ಮೂಗು ಸೋರ್ತಿದೆ, ಸ್ವಲ್ಪ ಕೆಮ್ಮು. ಅತ್ತೆ ಸ್ನಾನ ಆದ್ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡೀತಾರೆ, ಎದೆಗೆ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ತಿಕ್ತಾರೆ. ಅವರು ನಾಲ್ಕು ಮಕ್ಕಳನ್ನ ಸಾಕಿದವರು, ಪ್ರೀತಿಯಿಂದಲೇ ಮಾಡ್ತಾರೆ. ಬೇಡ ಅನ್ನೋಕೆ ನನಗೆ ಧೈರ್ಯ ಇಲ್ಲ, ಸರಿನಾ ತಪ್ಪಾ ಗೊತ್ತೂ ಇಲ್ಲ. ನೀವೆಲ್ಲ ಚಳಿಗಾಲದಲ್ಲಿ ಹೊಲದ ಕೆಲಸನೂ ಮಕ್ಕಳನ್ನೂ ಹೇಗೆ ಸಂಭಾಳಿಸ್ತೀರ?

ಮಕ್ಕಳ ವಾರ್ಡ್ ನರ್ಸ್
ಡಿಸೆಂಬರ್ 9, ರಾತ್ರಿ 10:25

ಅಕ್ಕ, ಮೊದಲು ಪಾಪು ಕೆಮ್ಮಿನ ವಿಷಯ, ಉಳಿದದ್ದು ಆಮೇಲೆ. ಹದಿನಾಲ್ಕು ವರ್ಷದಿಂದ ಮಕ್ಕಳ ವಾರ್ಡಲ್ಲಿದೀನಿ. ಡಿಸೆಂಬರ್, ಜನವರಿ ನಮಗೆ ಕಷ್ಟದ ತಿಂಗಳು.

ಮಗು ಮಲಗಿರುವಾಗ ಅಂಗಿ ಎತ್ತಿ ಹೊಟ್ಟೆ ನೋಡಿ. ಗಡಿಯಾರ ಇಟ್ಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಪುಟ್ಟ ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಎರಡು ತಿಂಗಳೊಳಗಿನ ಮಗುವಾದ್ರೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಇನ್ನೊಂದು, ಉಸಿರು ಎಳ್ಕೊಂಡಾಗ ಪಕ್ಕೆ ಕೆಳಗಡೆ ಒಳಗೆ ಸೆಳೀತಿದ್ಯಾ ನೋಡಿ. ನಮ್ಮ ಕಡೆ ಅಜ್ಜಿಯರು 'ಪಕ್ಕೆ ಹೊಡ್ಕೋತಿದೆ' ಅಂತಾರಲ್ಲ, ಅದೇ. ಹಾಲು ಕುಡಿಯೋಕೆ ಆಗದೇ ಇದ್ರೆ, ತುಟಿ ನೀಲಿ ಆದ್ರೆ, ಎಬ್ಬಿಸಿದ್ರೂ ಮಂಕಾಗೇ ಇದ್ರೆ ನೇರ 108ಕ್ಕೆ ಫೋನ್ ಮಾಡಿ. ಇದ್ಯಾವುದೂ ಇಲ್ಲದೆ ಮೂಗು ಸೋರಿ, ಮಗು ಆಡ್ಕೊಂಡು ಹಾಲು ಕುಡೀತಿದ್ರೆ ಗಾಬರಿ ಬೇಡ, ಎದೆಹಾಲು ಜಾಸ್ತಿ ಕೊಡಿ. ಮೂಗು ಕಟ್ಟಿದ್ರೆ ಮೆಡಿಕಲ್ ಸ್ಟೋರಲ್ಲಿ ಸಿಗೋ ಉಪ್ಪುನೀರಿನ ಹನಿ ಸಾಕು. ಅಂಗಡಿಯವರು ಕೊಟ್ಟ ಕೆಮ್ಮಿನ ಸಿರಪ್ಪನ್ನ ಡಾಕ್ಟ್ರನ್ನ ಕೇಳದೆ ಹಾಕ್ಲೇಬೇಡಿ.

ಕರ್ಪೂರ ಇವತ್ತೇ ನಿಲ್ಸಿ. ಒಂದು ಚೂರು ಹೊಟ್ಟೆಗೆ ಹೋದ್ರೂ ಪುಟ್ಟ ಮಕ್ಕಳಿಗೆ ಫಿಟ್ಸ್ ಬರಬಹುದು. ಎದೆಗೆ ಹಚ್ಚಿದ್ದು ಕೈಗೆ ಬಂದು ಬಾಯಿಗೆ ಹೋಗುತ್ತೆ, ಚರ್ಮದಿಂದಲೂ ಒಳಗಿಳಿಯುತ್ತೆ. ಎರಡು ವರ್ಷದೊಳಗಿನವರಿಗೆ ಕರ್ಪೂರ ಬೇಡವೇ ಬೇಡ. ಬರೀ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಲಿ, ಅತ್ತೆಯವರ ಕೈ ಬಿಸಿಯೇ ಮಗುಗೆ ಹಿತ. ಹೊಗೆಯೂ ಅಷ್ಟೇ. ಕೆಮ್ಮೋ ಮಗುವಿನ ಶ್ವಾಸನಾಳ ಮೊದಲೇ ಊದಿರುತ್ತೆ, ಅದಕ್ಕೆ ಯಾವ ಹೊಗೆಯೂ ಒಳ್ಳೇದಲ್ಲ.

ಕೆಮ್ಮಿಗೆ ಜೇನು ನೆಕ್ಕಿಸ್ತಾರೆ ಅಂತಿದ್ರೆ ಅದೂ ಒಂದು ವರ್ಷ ತುಂಬೋವರೆಗೆ ಬೇಡ. ಜೇನಲ್ಲಿ ಇರಬಹುದಾದ ಬೊಟುಲಿಸಂ ಕೀಟಾಣುವಿನ ಬೀಜಕಣ ಎಳೆ ಕರುಳಲ್ಲಿ ಮೊಳೆತು ವಿಷ ಮಾಡುತ್ತೆ. ನಿಮ್ಮದೇ ತೋಟದ ಜೇನಾದ್ರೂ ಅಷ್ಟೇ.

ಪಾಪುಗೆ ಪಿಸಿವಿ ಲಸಿಕೆ ಆಗಿದ್ಯಾ? ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಕೊಡ್ತಾರೆ. ನ್ಯುಮೋನಿಯಾ ತಡೆಯೋ ಲಸಿಕೆ. 2021ರಿಂದ ದೇಶದ ಎಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲೂ ಉಚಿತ. ಒಂಬತ್ತು ತಿಂಗಳದ್ದು ಕೊಯ್ಲಿನ ಗಲಾಟೆಯಲ್ಲಿ ತಪ್ಪಿಹೋಗುತ್ತೆ, ತಾಯಿ ಕಾರ್ಡ್ ತೆಗೆದು ನೋಡಿ.

ಮಾಗಡಿ ಅಜ್ಜಿ
ಡಿಸೆಂಬರ್ 10, ಬೆಳಿಗ್ಗೆ 7:15

ಮೊಮ್ಮಗಳ ಕೈಲಿ ಬರೆಸ್ತಾ ಇದೀನಿ ಮಗಳೇ. ನಿನ್ನ ಮಾತು ಕೇಳಿ ಹೊಟ್ಟೆ ಕಿವುಚಿದಂಗಾಯ್ತು. ಆ ಮೂರು ಜನ ಅಂದ್ಕೊಂಡ್ರಲ್ಲ, ನೀನು ನೋಡ್ತೀಯ ಅಂತ ಅವರು, ಅವರು ನೋಡ್ತಾರೆ ಅಂತ ನೀನು, ಅಲ್ಲೇ ಇರೋದು ಎಲ್ಲಾ.

ನಮ್ಮ ಕಾಲದಲ್ಲಿ ರಾಗಿ ಕೊಯ್ಲಿಗೆ ಮುಯ್ಯಾಳು. ಇವತ್ತು ನಮ್ಮ ಹೊಲಕ್ಕೆ ನೀವು ಬನ್ನಿ, ನಾಳೆ ನಿಮ್ಮ ಹೊಲಕ್ಕೆ ನಾವು ಬರ್ತೀವಿ. ಹತ್ತು-ಹದಿನೈದು ಮನೆ ಹೆಂಗಸರು ಕುಡುಗೋಲು ಹಿಡ್ಕೊಂಡು ಸಾಲು ಹಿಡಿದ್ರೆ ಅವರ ಹಿಂದೆ ಅಷ್ಟೇ ಮಕ್ಕಳು. ಆ ಮಕ್ಕಳನ್ನೆಲ್ಲ ನೋಡ್ಕೊಳ್ಳೋಕೆ ಒಬ್ಬಳನ್ನ ಬಿಡ್ತಿದ್ರು. ನಮ್ಮೂರಲ್ಲಿ ಒಬ್ಬಳು ದೊಡ್ಡವ್ವ ಇದ್ಲು, ಸೊಂಟ ಬಗ್ಗುತ್ತಿರಲಿಲ್ಲ. ಮರದ ಕೆಳಗೆ ಕಂಬಳಿ ಹಾಸಿ ಕೂತ್ಕೊಂಡ್ರೆ ಎಂಟು ಮಕ್ಕಳು ಅವಳ ಸುತ್ತ. ಹಾಲು ಕುಡಿಯೋ ಕೂಸು ಅತ್ರೆ ಅವಳೇ ಕೂಗೋಳು, ಇಂಥವಳ ಕೂಸು ಅಳ್ತಿದೆ, ಬಾ ಅಂತ. ಉಳಿದವರು ತಲೆ ಎತ್ತೋ ಹಂಗೇ ಇರಲಿಲ್ಲ.

ಇದನ್ನ ಕೇಳ್ಕೋ. ಆ ದೊಡ್ಡವ್ವನಿಗೂ ಆಳಿನ ಲೆಕ್ಕ ಇತ್ತು. ಕುಡುಗೋಲು ಹಿಡಿದವಳಿಗೆ ಎಷ್ಟು ರಾಗಿನೋ ಅವಳಿಗೂ ಅಷ್ಟೇ ಅಳೀತಿದ್ರು. ಕೂತಿದ್ಲಲ್ಲ ಅಂತ ಯಾರೂ ಅನ್ನುತ್ತಿರಲಿಲ್ಲ. ಮಕ್ಕಳನ್ನ ನೋಡೋದೂ ಒಂದಾಳಿನ ಕೆಲಸ ಕಣವ್ವ. ಕೆಲಸದ ಮಧ್ಯ ಕಣ್ಣು ಹಾಯಿಸೋದಲ್ಲ ಅದು.

ಜೋಲಿ ಕಟ್ಟೋ ಮೊದ್ಲು ಕೊಂಬೇಲಿ ಕೆಂಜಿಗ ಇದ್ಯಾ ನೋಡು.

ಕೋಣನಕುಂಟೆ ಅಪ್ಪ
ಡಿಸೆಂಬರ್ 10, ಬೆಳಿಗ್ಗೆ 9:02

ನೇರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಂಟು ತಿಂಗಳ ಮಗುನ ಚಳಿ, ಧೂಳಲ್ಲಿ ಹೊಲಕ್ಕೆ ಕರ್ಕೊಂಡು ಹೋಗೋದೇ ತಪ್ಪು. ಹನುಮಂತನಗರದಲ್ಲಿ ತವರುಮನೆ ಇದೆ ಅಂತೀರ. ಸಂಕ್ರಾಂತಿ ಮುಗಿಯೋವರೆಗೂ ಇಬ್ರು ಮಕ್ಕಳನ್ನ ಕರ್ಕೊಂಡು ಅಲ್ಲೇ ಇದ್ಬಿಡಿ. ಆಳು ಸಿಗ್ತಾರೆ, ಮಕ್ಕಳು ಸಿಗಲ್ಲ.

ರಾಜಾನುಕುಂಟೆ ಸೊಸೆ
ಡಿಸೆಂಬರ್ 10, ಮಧ್ಯಾಹ್ನ 2:10

ಅಣ್ಣ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದ್ರೆ ತವರಲ್ಲಿ ಅಪ್ಪನಿಗೆ ಆರೋಗ್ಯ ಸರಿಯಿಲ್ಲ, ಮೂರನೇ ಮಹಡಿಯ ಎರಡು ರೂಮಿನ ಮನೆ. ನಾನು ಹೋದ್ರೆ ಇಲ್ಲಿ ಮೂರು ಹಸು, ಅಡುಗೆ, ಎರಡು ಹೊತ್ತಿನ ಹಾಲು ಅತ್ತೆ ಒಬ್ಬರ ಮೇಲೆ ಬೀಳುತ್ತೆ, ಅವರಿಗೆ ಅರವತ್ತೆರಡು. ಇನ್ನೊಂದೂ ಇದೆ. ಮಗಳು ಇಲ್ಲಿ ಕರುಗೆ ಹೆಸರಿಟ್ಟಿದಾಳೆ, ತೊಗರಿ ಯಾವುದು ಅವರೆ ಯಾವುದು ಎಲೆ ನೋಡಿ ಹೇಳ್ತಾಳೆ. ಹೊಲದಿಂದ ಅವಳನ್ನ ದೂರ ಇಡೋದು ನನಗೆ ಬೇಡ. ಹೊಲದಲ್ಲಿ ಅವಳು ಕ್ಷೇಮವಾಗಿರಬೇಕು, ಅದಕ್ಕೇ ಕೇಳಿದ್ದು.

ನರ್ಸ್ ಅಕ್ಕ, ನಿಮ್ಮ ಮಾತು ಓದಿ ರಾತ್ರಿನೇ ಎಣಿಸಿದೆ. 38 ಬಂತು. ಪಕ್ಕೆ ಸೆಳೀತಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಎಣಿಸಿದೆ, 36. ಕಾರ್ಡ್ ನೋಡಿದೆ, ಪಿಸಿವಿ ಎರಡು ಆಗಿದೆ, ಮೂರನೇದು ಜನವರಿಯಲ್ಲಿ.

ವಿಜಯಪುರ ರೇಷ್ಮೆ ಮನೆ
ಡಿಸೆಂಬರ್ 10, ರಾತ್ರಿ 8:30

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ನಮ್ಮದು. ಕೆಂಡದ ಮಾತು ಬಂತಲ್ಲ, ನಮ್ಮ ಮನೇಲಿ ಆಗಿದ್ದನ್ನ ಹೇಳ್ಲೇಬೇಕು.

ರೇಷ್ಮೆ ಹುಳು ಸಾಕೋ ಮನೆಗೆ 24ರಿಂದ 28 ಡಿಗ್ರಿ ಕಾವು ಬೇಕು. ಈ ತಿಂಗಳಲ್ಲಿ ರಾತ್ರಿ ಹೊರಗೆ 12-13ಕ್ಕೆ ಇಳಿದ್ರೆ ಹುಳು ಸೊಪ್ಪು ತಿನ್ನಲ್ಲ, ಜ್ವರ (ಹುಳು ಪೊರೆ ಕಳಚೋದಕ್ಕೆ ಹಾಗಂತೀವಿ) ಏಳೋದು ತಡ ಆಗುತ್ತೆ. ಅದಕ್ಕೆ ಇದ್ದಿಲ ಒಲೆ ಇಡ್ತಿದ್ವಿ. ಆರು ವರ್ಷದ ಹಿಂದೆ ನನ್ನ ಹೆಂಡತಿ ಬೆಚ್ಚಗಿದೆ ಅಂತ ಐದು ತಿಂಗಳ ಮಗುನ ಎತ್ಕೊಂಡು ಹುಳು ಮನೇಲೇ ಮಲಗಿದ್ಲು. ಕಿಟಕಿಗೆಲ್ಲ ಗೋಣಿತಾಟು ಕಟ್ಟಿತ್ತು. ರಾತ್ರಿ ಎರಡು ಗಂಟೆಗೆ ಸೊಪ್ಪು ಹಾಕೋಕೆ ಅಂತ ನಾನು ಬಾಗಿಲು ತೆಗೆದೆ. ಅವಳು ತಲೆ ಸಿಡೀತಿದೆ, ವಾಂತಿ ಬರ್ತಿದೆ ಅಂದ್ಲು. ಮಗು ಎಬ್ಬಿಸಿದ್ರೆ ಕತ್ತು ನಿಲ್ಲಲಿಲ್ಲ. ಹೊರಗೆ ಎತ್ಕೊಂಡು ಓಡಿದೆ. ಗಾಳಿಗೆ ಬಂದ ಮೇಲೆ ಅತ್ತ, ಆ ಅಳು ಕೇಳಿ ನಾನೂ ಅತ್ತೆ. ಆಸ್ಪತ್ರೇಲಿ ಆಕ್ಸಿಜನ್ ಇಟ್ಟು, ಇದ್ದಿಲಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅಂದ್ರು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದ ಕೆಂಡದಿಂದಲೂ ಅದು ಬರುತ್ತೆ, ನಾವು ಹೊಗೆ ಇಲ್ಲ ಅಂತ ನಿಶ್ಚಿಂತೆಯಿಂದ ಇರ್ತೀವಿ.

ಹುಳು ಮನೇಲಿ ಕಾವು ನೋಡೋಕೆ, ತೇವ ನೋಡೋಕೆ ಎರಡು ಮೀಟರ್ ತೂಗುಹಾಕಿದ್ವಿ. ಮಗು ಮಲಗೋ ಕೋಣೇಲಿ ಒಂದೂ ಇರಲಿಲ್ಲ. ಈಗ ಇದೆ. ಬಾಣಂತಿ ಕೋಣೇಲಾಗ್ಲಿ, ಪಾಪು ಮಲಗೋ ಕಡೆಯಾಗ್ಲಿ ಕೆಂಡ ಇಟ್ಟು ಬಾಗಿಲು ಮುಚ್ಚಬೇಡಿ. ಬೆಚ್ಚಗಿರಬೇಕು ಅಂದ್ರೆ ತೆಳು ಬಟ್ಟೆ ಎರಡು-ಮೂರು ಪದರ ಹಾಕಿ, ತಲೆಗೆ ಕುಲಾವಿ, ಕಾಲಿಗೆ ಸಾಕ್ಸು, ತಾಯಿ ಮೈ ಬಿಸಿ. ಅಷ್ಟು ಸಾಕು.

ಚಿಕ್ಕಬಾಣಾವರ ಹುಡುಗ
ಡಿಸೆಂಬರ್ 10, ರಾತ್ರಿ 9:11

ಬೆಂಗಳೂರಲ್ಲಿ ಏನು ಮಹಾ ಚಳಿ ಅನ್ನೋರಿಗೆ ಒಂದು ಮಾತು. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರಂದು. ಈಗ ಸಿಟಿ ಒಳಗೆ ಈ ತಿಂಗಳಲ್ಲಿ 15-16 ಇರುತ್ತೆ, ಆದ್ರೆ ಬಯಲಲ್ಲಿ, ಕೆರೆ ಪಕ್ಕದ ಹೊಲದಲ್ಲಿ ಅದಕ್ಕಿಂತ ಕೆಳಗೇ. ನಮ್ಮ ಹಿತ್ತಲಲ್ಲಿ ಮೀಟರ್ ಇದೆ, ನಿನ್ನೆ ಬೆಳಗಿನ ಜಾವ 11.5 ಇತ್ತು. ಪಾಪುನ ಬಿಸಿಲು ಏರೋವರೆಗೂ ಹೊರಗೆ ತರಬೇಡಿ ಅಕ್ಕ.

ಆನೇಕಲ್ ರೈತ
ಡಿಸೆಂಬರ್ 11, ಬೆಳಿಗ್ಗೆ 6:20

ತಂಗಿ, ಹೊಂಡದ ವಿಷಯ ಯಾರೂ ಹೇಳ್ಲಿಲ್ಲವಲ್ಲ, ಅದನ್ನ ನಾನು ಹೇಳ್ತೀನಿ. ನಮ್ಮಲ್ಲೂ ಕೃಷಿ ಹೊಂಡ ಇದೆ. ಸರ್ಕಾರ ಕೃಷಿಭಾಗ್ಯ ಅಂತ 2014ರಲ್ಲಿ ಯೋಜನೆ ತಂದ ಮೇಲೆ ಊರೂರಲ್ಲಿ ಹೊಂಡ ಆಯ್ತು, ಒಳ್ಳೇದೇ ಆಯ್ತು, ಬರಗಾಲದಲ್ಲಿ ಪ್ರಾಣ ಉಳಿಸಿದೆ. ಆದ್ರೆ ಹಳೇ ಕಲ್ಯಾಣಿಗೆ ಮೆಟ್ಟಿಲಿತ್ತು, ಕಾಲು ಇಡೋಕೆ ಜಾಗ ಇತ್ತು. ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದ್ರೆ ಈಜು ಬರೋ ದೊಡ್ಡವರಿಗೂ ಹತ್ತೋಕೆ ಆಗಲ್ಲ. ಕಾಪಾಡೋಕೆ ಇಳಿದವರೂ ಹೋಗ್ತಾರೆ.

ಇವತ್ತೇ ಮಾಡಬೇಕಾದ್ದು ಬೇಲಿ. ಹಸಿರು ನೆಟ್ ಕಟ್ಟಿ ಬೇಲಿ ಆಯ್ತು ಅನ್ನಬೇಡಿ, ಮಕ್ಕಳು ಅದರ ಕೆಳಗೆ ನುಸೀತಾರೆ. ಕಲ್ಲುಕಂಬ ನೆಟ್ಟು ಜಾಲರಿ ಹಾಕಿ, ಕೆಳಗಡೆ ಮಣ್ಣಲ್ಲಿ ಹೂತಿರಲಿ. ಬಾಗಿಲಿಗೆ ಬೀಗ, ಬೀಗದ ಕೈ ದೊಡ್ಡವರ ಹತ್ರ. ಒಳಗೆ ನಾಲ್ಕೂ ಕಡೆಯಿಂದ ಗಂಟು ಹಾಕಿದ ದಪ್ಪ ಹಗ್ಗ ನೀರಿನ ತನಕ ಇಳಿಬಿಡಿ, ಎರಡು ಹಳೇ ಲಾರಿ ಟ್ಯೂಬು ಗಾಳಿ ತುಂಬಿ ತೇಲಿಬಿಡಿ. ಹಾಗೇ ಹೊಲದಲ್ಲಿ ನೀರು ಬರದ ಕೊಳವೆಬಾವಿ ಇದ್ರೆ ಅದಕ್ಕೆ ಕಬ್ಬಿಣದ ಮುಚ್ಚಳ ವೆಲ್ಡ್ ಮಾಡಿಸಿ. ಮೇಲೆ ಕಲ್ಲಿಟ್ಟಿದೀವಿ ಅಂದ್ರೆ ಆಗಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ನಿಯಮ ಹೇಳಿದೆ, ಆದ್ರೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬಿತ್ತು. ಪುಣ್ಯಕ್ಕೆ ಬದುಕಿಸಿ ತೆಗೆದ್ರು.

ಇನ್ನು ಟ್ರ್ಯಾಕ್ಟರ್. ಇದು ನನ್ನ ಕೈಲೇ ಆಗ್ತಿತ್ತು. ಹುಲ್ಲು ಹೇರ್ಕೊಂಡು ಬಂದು ಮೆದೆ ಹತ್ರ ರಿವರ್ಸ್ ತಗೋತಿದ್ದೆ. ಹಿಂದೆ ಲೋಡು, ಏನೂ ಕಾಣಲ್ಲ. ಚಕ್ರದ ಪಕ್ಕದಲ್ಲಿ ಕೆಂಪಗೆ ಏನೋ ಕಂಡಂಗಾಯ್ತು, ಬ್ರೇಕ್ ಹಾಕಿದೆ. ತಮ್ಮನ ಮಗನ ಉಲ್ಲನ್ ಟೋಪಿ. ಟೋಪಿ ಒಳಗೆ ಅವನು. ಬಿದ್ದ ರಾಗಿ ತೆನೆ ಆರಿಸ್ಕೊಂಡು ಕೂತಿದ್ದ. ಅಂದಿನಿಂದ ನಮ್ಮ ಮನೇಲಿ ಒಂದು ಕಟ್ಟುಪಾಡು: ಮಕ್ಕಳು ಎಲ್ಲಿದಾರೆ ಅಂತ ಒಬ್ಬರು ಕೈ ಎತ್ತಿ 'ನನ್ನ ಹತ್ರ' ಅನ್ನೋವರೆಗೂ ಟ್ರ್ಯಾಕ್ಟರ್ ಹಿಂದಕ್ಕೆ ಹೋಗಲ್ಲ. ಮಡ್‌ಗಾರ್ಡ್ ಮೇಲೆ ಕೂರಿಸ್ಕೊಂಡು ಹೋಗೋದನ್ನೂ ಬಿಟ್ವಿ. ಮೇವು ಕತ್ತರಿಸೋ ಮಿಷನ್ನಿನ ಸ್ವಿಚ್ಚು ಮೇಲಕ್ಕೆ ಹಾಕಿಸಿದ್ವಿ.

ಹಾವು. ರಾಗಿ ಮೆದೆಗೆ ಇಲಿ, ಇಲಿಗೆ ಹಾವು. ಕೊಳಕುಮಂಡಲ ಈ ಚಳೀಲೇ ಹೆಚ್ಚು ಓಡಾಡೋದು, ಬೆಳಗಿನ ಬಿಸಿಲಿಗೆ ದಾರಿ ಮಧ್ಯ ಬಂದು ಮಲಗುತ್ತೆ, ಒಣಗಿದ ಎಲೆ ಬಣ್ಣವೇ ಇರುತ್ತೆ. ಮಕ್ಕಳು ಕಟ್ಟುಗಳ ಮಧ್ಯ ಕೈ ಹಾಕದಂಗೆ ನೋಡ್ಕೊಳ್ಳಿ, ಬರಿಗಾಲಲ್ಲಿ ಬಿಡಬೇಡಿ. ಏನಾದ್ರೂ ಕಚ್ಚಿದ್ರೆ ಕಟ್ಟೋದು, ಕುಯ್ಯೋದು, ಬಾಯಿಂದ ಎಳೆಯೋದು ಯಾವುದೂ ಬೇಡ, ನಾಟಿ ಔಷಧಿಗೆ ಅಂತ ಹೊತ್ತು ಕಳೀಬೇಡಿ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಎತ್ಕೊಂಡು ಆಸ್ಪತ್ರೆಗೆ. ನಮ್ಮ ರಾಜ್ಯದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಬೇಕು. ನಿಮ್ಮ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೇಲಿ ವಿಷನಿರೋಧಕ ಇದೆ ಅಂತ ಈಗಲೇ ಕೇಳಿ ಗೋಡೆ ಮೇಲೆ ಬರೆದಿಡಿ.

ಕ್ರಿಮಿನಾಶಕನ ನೀರಿನ ಬಾಟ್ಲಿಗೆ, ಜ್ಯೂಸ್ ಬಾಟ್ಲಿಗೆ ಸುರಿದಿಡೋ ಅಭ್ಯಾಸ ಇದ್ರೆ ಬಿಡಿಸಿ.

ನಂದಗುಡಿ ಅಮ್ಮ
ಡಿಸೆಂಬರ್ 11, ಮಧ್ಯಾಹ್ನ 3:45

ಊಟದ ವಿಷಯಕ್ಕೆ ನಾನು ಬರ್ತೀನಿ. ಹೊಸಕೋಟೆ ತಾಲ್ಲೂಕು, ಮೂರು ಮಕ್ಕಳ ತಾಯಿ.

ಪಾಪುಗೆ ಎಂಟು ತಿಂಗಳು ಅಂದ್ರೆ ರಾಗಿ ಸರಿ ಶುರು ಮಾಡಿರ್ತೀರ. ಹೊಸ ರಾಗೀಲಿ ಮಾಡ್ಬೇಡಿ, ಒಂದೆರಡು ತಿಂಗಳು ಹಳೇದಾಗ್ಲಿ, ಮೊಳಕೆ ಚೆನ್ನಾಗಿ ಬರುತ್ತೆ. ನಾನು ರಾತ್ರಿ ನೆನೆಹಾಕಿ, ಬಸಿದು, ಬಿಳಿ ಪಂಚೇಲಿ ಗಂಟು ಕಟ್ಟಿ ಬಚ್ಚಲೊಲೆ ಪಕ್ಕ ಇಡ್ತೀನಿ. ಬೇಸಿಗೇಲಿ ಒಂದೇ ದಿನಕ್ಕೆ ಬರೋ ಮೊಳಕೆ ಈ ಚಳೀಲಿ ಎರಡು ದಿನ ತಗೊಳ್ಳುತ್ತೆ, ಅವಸರ ಮಾಡಬಾರದು. ಬಿಳಿ ಬೇರು ಚೂರು ಕಂಡ ತಕ್ಷಣ ನೆರಳಲ್ಲಿ ಒಣಗಿಸಿ, ಸಣ್ಣ ಉರೀಲಿ ಘಮ್ ಅನ್ನೋವರೆಗೂ ಹುರಿದು, ಬೀಸಿ, ತೆಳು ಬಟ್ಟೇಲಿ ಜರಡಿ ಹಿಡೀತೀನಿ. ಬಟ್ಟೆ ಮೇಲೆ ಉಳಿಯೋ ಹೊಟ್ಟನ್ನ ಕರುಗೆ. ಕೆಳಗೆ ಬಿದ್ದ ಹಿಟ್ಟು ಮುಟ್ಟಿದ್ರೆ ಪೌಡರ್ ಥರ ಜಾರುತ್ತೆ, ಅದು ಮಗುಗೆ. 100 ಗ್ರಾಂ ರಾಗೀಲಿ 340 ಮಿಲಿಗ್ರಾಂ ಮೇಲೆ ಸುಣ್ಣದಂಶ ಇದೆ, ಅಕ್ಕಿ ಗೋಧಿ ಹತ್ರಕ್ಕೂ ಬರಲ್ಲ.

ಈಗ ಅವರೆ ಕಾಲ. ನಾಟಿ ಅವರೆ ಹಗಲು ಚಿಕ್ಕದಾದ್ರೇನೇ ಹೂ ಬಿಡೋದು, ಆ ಸೊಗಡೂ ಈ ಇಬ್ಬನೀಲೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯವರು ಎಚ್‌ಎ-4 (ಹೆಬ್ಬಾಳ ಅವರೆ-4) ಥರದ ತಳಿ ಮಾಡಿದ ಮೇಲೆ ವರ್ಷಪೂರ್ತಿ ಸಿಗುತ್ತೆ, ಆದ್ರೂ ಮನೆಮಂದಿಯೆಲ್ಲ ಸುತ್ತ ಕೂತು ಹಿತಕೋದು ಈಗಲೇ. ಆ ಹಿತಕೋ ಹೊತ್ತಲ್ಲೇ ನಿಮ್ಮ ಕಣ್ಣು ಪಾಪು ಮೇಲಿರಲಿ. ಹಿತಕಿದ ಬೇಳೆ ಜಾರುತ್ತೆ, ಕಡಲೆಕಾಯಿ ಬೀಜವೂ ಅಷ್ಟೇ. ನೆಲದ ಮೇಲೆ ಬಿದ್ದಿದ್ದನ್ನ ಅಂಬೆಗಾಲಿಡೋ ಮಗು ಆರಿಸಿ ಬಾಯಿಗೆ ಹಾಕ್ಕೊಳ್ಳುತ್ತೆ. ಅಕ್ಕನೂ 'ತಗೋ ಪಾಪು' ಅಂತ ಪ್ರೀತಿಯಿಂದ ಕೊಡ್ತಾಳೆ. ಕಡಲೆಕಾಯಿ ಪರಿಷೆಯಿಂದ ತಂದ ಕಾಯಿ ಚೀಲ ನಮ್ಮ ಮನೇಲಿ ಅಟ್ಟದ ಮೇಲೇ ಇರೋದು. ಬೇಯಿಸಿ ಪೂರ್ತಿ ಮಸೆದ ಅವರೆ ಒಂದು ಚಮಚ ಅನ್ನದ ಜೊತೆ ಕೊಡಬಹುದು, ಇಡೀ ಕಾಳು ಐದು ವರ್ಷದವರೆಗೂ ಎಚ್ಚರ.

ಮಕ್ಕಳ ವಾರ್ಡ್ ನರ್ಸ್
ಡಿಸೆಂಬರ್ 11, ಸಂಜೆ 6:05

ನಂದಗುಡಿ ಅಕ್ಕ ಹೇಳಿದ್ದು ನೂರಕ್ಕೆ ನೂರು. ಶ್ವಾಸನಾಳಕ್ಕೆ ಸಿಕ್ಕಿಕೊಂಡ ಕಡಲೆ ಬೀಜ ತೆಗೆಯೋದನ್ನ ನಾನು ಪ್ರತಿ ಚಳಿಗಾಲ ನೋಡಿದೀನಿ. ಒಂದು ವರ್ಷದೊಳಗಿನ ಮಗು ಕೆಮ್ಮೋಕೂ ಅಳೋಕೂ ಆಗದಂಗೆ ಸಿಕ್ಕಿಕೊಂಡ್ರೆ, ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರಲಿ, ಅಂಗೈ ಬುಡದಿಂದ ಎರಡು ಭುಜದ ಮಧ್ಯ ಐದು ಸಲ ತಟ್ಟಿ. ಬರಲಿಲ್ಲ ಅಂದ್ರೆ ಅಂಗಾತ ತಿರುಗಿಸಿ ಎದೆ ಮಧ್ಯ ಎರಡು ಬೆರಳಿಂದ ಐದು ಸಲ ಒತ್ತಿ. ಹೊರಗೆ ಬರೋವರೆಗೂ ಹಾಗೇ ಮುಂದುವರಿಸಿ, ಪಕ್ಕದಲ್ಲಿರೋರು 108ಕ್ಕೆ ಫೋನ್ ಮಾಡಲಿ. ಕಾಣದ್ದನ್ನ ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತೆ. ಮನೇಲಿ ಎಲ್ಲರೂ ಒಂದ್ಸಲ ದಿಂಬಿನ ಮೇಲೆ ಮಾಡಿ ನೋಡಿ.

ಹಾಲು ಮನೇದೇ ಅಂತ ಹಸಿ ಕುಡಿಸಬೇಡಿ. ಹಸುವಿಂದ ಬ್ರುಸೆಲ್ಲಾ ಜ್ವರ ಬರೋದು ಹಾಗೇ. ಚೆನ್ನಾಗಿ ಕುದಿಸಿ ಮಗಳಿಗೆ ಕೊಡಿ. ಪಾಪುಗೆ ವರ್ಷ ತುಂಬೋವರೆಗೂ ಎದೆಹಾಲೇ ಮುಖ್ಯ.

ಹೆಸರಘಟ್ಟ ಅಂಗನವಾಡಿ
ಡಿಸೆಂಬರ್ 12, ಮಧ್ಯಾಹ್ನ 1:20

ನಾನು ಅಂಗನವಾಡಿ ಕಾರ್ಯಕರ್ತೆ. ಮೂರೂವರೆ ವರ್ಷದ ಮಗಳನ್ನ ಯಾಕಮ್ಮ ಅಂಗನವಾಡಿಗೆ ಕಳಿಸ್ತಿಲ್ಲ? ಕೊಯ್ಲು ಶುರುವಾದ್ರೆ ನಮ್ಮಲ್ಲಿ ಹಾಜರಾತಿ ಬಿದ್ದೇಹೋಗುತ್ತೆ. ಎಲ್ಲರೂ ಬೆಳಿಗ್ಗೆ ಬೇಗ ಹೊಲಕ್ಕೆ ಹೋಗ್ತಾರೆ, ನಮ್ಮ ಬಾಗಿಲು ತೆಗೆಯೋ ಹೊತ್ತಿಗೆ ಮಕ್ಕಳು ಹೊಲ ಸೇರಿರ್ತಾರೆ. ಮಗು ಅತಿ ಹೆಚ್ಚು ಅಪಾಯದಲ್ಲಿರೋ ದಿನಗಳಲ್ಲೇ ನಮ್ಮ ಚಾಪೆ ಖಾಲಿ. ಕರ್ಕೊಂಡು ಬರೋಕೆ ಒಬ್ಬರನ್ನ ಗೊತ್ತು ಮಾಡಿ. ಬಿಸಿ ಊಟ ಇದೆ, ಮೊಟ್ಟೆ ಇದೆ, ಜೊತೆಗಾರರಿದಾರೆ. ಕೆಮ್ಮು ಜ್ವರ ಇದ್ದ ದಿನ ಮಾತ್ರ ಮನೇಲಿ ಇಟ್ಕೊಳ್ಳಿ.

ಕೋಣನಕುಂಟೆ ಅಪ್ಪ
ಡಿಸೆಂಬರ್ 12, ಸಂಜೆ 7:50

ನಾನು ಮೊದಲು ಬರೆದದ್ದು ಒರಟಾಯ್ತು, ಕ್ಷಮಿಸಿ. ಇಷ್ಟೆಲ್ಲ ಓದಿದ ಮೇಲೆ ಒಂದು ಅನುಮಾನ ಮಾತ್ರ ಉಳೀತು. ಅಜ್ಜಿ ಹೇಳಿದ ಮುಯ್ಯಾಳು ಈಗೆಲ್ಲಿದೆ? ನಮ್ಮ ಊರಲ್ಲಿ ಕೊಯ್ಲಿಗೆ ಮಿಷನ್ನು ಬರುತ್ತೆ, ಉಳಿದ ಕೆಲಸಕ್ಕೆ ದಿನಗೂಲಿ. ಮಗು ನೋಡ್ಕೊಳ್ಳೋರಿಗೆ ಕೂಲಿ ಕೊಡಿ ಅಂದ್ರೆ ಮನೆ ಗಂಡಸರು ಒಪ್ತಾರಾ?

ಮಾಗಡಿ ಅಜ್ಜಿ
ಡಿಸೆಂಬರ್ 12, ರಾತ್ರಿ 8:30

ಕೇಳಿದ್ರೆ ಒಪ್ತಾರಪ್ಪ. ಯಾರೂ ಕೇಳಿಲ್ಲ ಅಷ್ಟೇ. ಮಿಷನ್ನಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡೋರು ಮಕ್ಕಳು ಕಾಯೋಳಿಗೆ ಕೊಡಲ್ವಾ? ಅಕ್ಕಪಕ್ಕದ ಮೂರು ಮನೆ ಕೂಡಿದ್ರೆ ಸಾಕು, ಒಬ್ಬಳಿಗೆ ಕೊಡೋದು ಯಾರಿಗೂ ಭಾರ ಆಗಲ್ಲ.

ರಾಜಾನುಕುಂಟೆ ಸೊಸೆ
ಜನವರಿ 18, ರಾತ್ರಿ 10:05

ಇಷ್ಟು ದಿನ ಬರೆಯೋಕೆ ಆಗಲಿಲ್ಲ. ಏನೇನಾಯ್ತು ಅಂತ ಹೇಳ್ತೀನಿ.

ಅಜ್ಜಿ ಬರೆದಿದ್ದನ್ನ ಆವತ್ತೇ ರಾತ್ರಿ ಊಟ ಆದ್ಮೇಲೆ ಜೋರಾಗಿ ಓದಿ ಹೇಳಿದೆ. ಮಾವ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು, ಇವತ್ತು ಕೊಯ್ಲು ಬೇಡ, ಹೊಂಡಕ್ಕೆ ಬೇಲಿ ಹಾಕೋಣ ಅಂದ್ರು. ಆನೇಕಲ್ ಅಣ್ಣ ಹೇಳಿದ ಹಾಗೆ ಕಲ್ಲುಕಂಬ, ಜಾಲರಿ, ಹಗ್ಗ, ಟ್ಯೂಬು ಎಲ್ಲ ಆಯ್ತು. ಎರಡು ದಿನ ಕೊಯ್ಲು ನಿಂತಿತ್ತು, ಮೋಡ ಆಗಿ ಅತ್ತೆಗೆ ಆತಂಕ ಇತ್ತು, ಆದ್ರೂ ಯಾರೂ ಬೇಲಿ ಆಮೇಲೆ ಹಾಕೋಣ ಅನ್ನಲಿಲ್ಲ.

ಪಕ್ಕದ ಬೀದೀಲಿ ಒಬ್ಬರು ಅಜ್ಜಿ ಇದಾರೆ. ಮಂಡಿ ನೋವು, ಹೊಲದ ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು. ನಮ್ಮ ಎರಡು, ಮೇಲಿನ ಮನೆಯ ಒಂದು, ಕೆಳಗಿನ ಹೊಲದವರ ಎರಡು, ಒಟ್ಟು ಐದು ಮಕ್ಕಳು ಅವರ ಹತ್ರ. ಹೊಲದಲ್ಲಲ್ಲ, ನಮ್ಮ ಮನೆ ಜಗಲಿ ಮೇಲೆ, ಬಿಸಿಲು ಬೀಳೋ ಕಡೆ. ಮೂರು ಮನೆಯವರೂ ಸೇರಿ ಒಂದಾಳಿನ ಲೆಕ್ಕ ಕೊಡೋದು ಅಂತ ಮಾತಾಯ್ತು. ಮಗಳು ಈಗ ಅಂಗನವಾಡಿಗೂ ಹೋಗ್ತಾಳೆ, ಕೆಳಗಿನ ಹೊಲದ ತಾತ ಕರ್ಕೊಂಡು ಹೋಗಿ ಕರ್ಕೊಂಡು ಬರ್ತಾರೆ. ಪಾಪುಗೆ ಹಾಲು ಕುಡಿಸೋಕೆ ನಾನು ಎರಡು ಸಲ ಮನೆಗೆ ಬಂದು ಹೋಗ್ತೀನಿ. ಮೊದಲನೇ ದಿನ ಕಟ್ಟು ಕಟ್ಟುವಾಗ ಅಭ್ಯಾಸದಿಂದ ಮರದ ಕಡೆ ತಲೆ ತಿರುಗಿಸ್ತಾನೇ ಇದ್ದೆ, ಆಮೇಲೆ ಕೈ ತಾನಾಗೇ ಬೇಗ ಓಡ್ತು.

ಕರ್ಪೂರದ ಮಾತು ನಾನು ಅತ್ತೆಗೆ ಹೇಳೋಕೆ ಮೂರು ದಿನ ತಗೊಂಡೆ. ಕೊನೆಗೆ ನರ್ಸ್ ಅಕ್ಕ ಬರೆದಿದ್ದನ್ನೇ ತೋರಿಸಿ, 'ಅತ್ತೆ, ನೀವೇ ತಿಕ್ಕಿ, ಬರೀ ಎಣ್ಣೇಲಿ' ಅಂದೆ. ಅವರು ಸುಮ್ಮನೆ ಕೂತಿದ್ರು. ಆಮೇಲೆ, 'ನಿಮ್ಮ ಮಾವನ ತಮ್ಮನ ಮಗು ಒಂದು ಹಿಂಗೇ ಚಳೀಲಿ ಕೈಕಾಲು ಸೆಟೆದು ಹೋಯ್ತು. ಆಗ ದೃಷ್ಟಿ ಅಂದ್ವಿ' ಅಂದ್ರು. ಕರ್ಪೂರದ ಡಬ್ಬಿನ ದೇವರ ಮನೆ ಮೇಲಿನ ಗೂಡಲ್ಲಿಟ್ರು. ಈಗ ಎಣ್ಣೆ ಕಾಯಿಸಿ ಮೊದಲು ತಮ್ಮ ಮುಂಗೈ ಮೇಲೆ ಹಾಕ್ಕೊಂಡು ನೋಡಿ ಪಾಪುಗೆ ತಿಕ್ತಾರೆ. ಉಸಿರು ಎಣಿಸೋದನ್ನೂ ಕಲಿತಿದಾರೆ. ಸಂಕ್ರಾಂತಿಗೆ ಕಿಚ್ಚು ಹಾಯಿಸುವಾಗ ಮಕ್ಕಳನ್ನೆಲ್ಲ ಜಗಲಿ ಮೇಲೇ ಇಟ್ಕೊಂಡವರು ಅವರೇ. ನೈಲಾನ್ ಲಂಗ ಬಿಚ್ಚಿಸಿ ಹತ್ತಿ ಬಟ್ಟೆ ಹಾಕಿಸಿದ್ರು.

ನಿನ್ನೆ ಒಕ್ಕಣೆ ಮುಗೀತು. ಮಗಳನ್ನ ಧೂಳು ಬಾರದಂಗೆ ಗಾಳಿ ಬರೋ ದಿಕ್ಕಿನ ಕಡೆಗೇ ಕೂರಿಸಿದ್ವಿ. ರಾಶಿ ಪೂಜೆ ಮಾಡಿ ಮಾವ ಅಟ್ಟದಿಂದ ರಾಗಿ ಅಳೆಯೋ ಹಳೇ ಕೊಳಗ ಇಳಿಸಿದ್ರು. ವರ್ಷಾನುಗಟ್ಟಲೆಯಿಂದ ಚೀಲ ತೂಕಕ್ಕೆ ಹಾಕೋದೇ ರೂಢಿ, ಕೊಳಗ ಯಾಕೆ ಅಂತ ನಮ್ಮೆಜಮಾನ್ರು ಕೇಳಿದ್ರು. ಮಾವ ಉತ್ತರ ಕೊಡಲಿಲ್ಲ. ಪಕ್ಕದ ಬೀದಿ ಅಜ್ಜೀನ ಕರೆಸಿದ್ರು. ಮಗಳು ಚೀಲದ ಬಾಯಿ ಎರಡು ಕೈಲಿ ಅಗಲ ಹಿಡ್ಕೊಂಡಿದ್ಲು. ಮಾವ ರಾಶಿಯಿಂದ ಮೊದಲನೇ ಕೊಳಗ ತುಂಬಿ, ಮೇಲೆ ಅಂಗೈ ಆಡಿಸಿ, 'ಒಂದು' ಅನ್ನೋ ಬದಲು 'ಲಾಭ' ಅಂತ ಅಜ್ಜಿ ಚೀಲಕ್ಕೇ ಸುರಿದ್ರು. ಮಗಳೂ 'ಲಾಭ' ಅಂದ್ಲು. ಆಮೇಲೆ ಎರಡು, ಮೂರು.

ಮಾಗಡಿ ಅಜ್ಜಿ
ಜನವರಿ 19, ಬೆಳಿಗ್ಗೆ 7:40

ಮೊಮ್ಮಗಳು ಓದಿ ಹೇಳಿದ್ಲು, ಎರಡು ಸಲ ಓದಿಸಿದೆ. ಪಾಪುಗೆ ಹಲ್ಲು ಬಂತಾ ಮಗಳೇ?

ರಾಜಾನುಕುಂಟೆ ಸೊಸೆ
ಜನವರಿ 19, ಬೆಳಿಗ್ಗೆ 11:30

ಕೆಳಗಡೆ ಎರಡು ಬಂದಿದೆ ಅಜ್ಜಿ. ಕೆಮ್ಮು ಪೂರ್ತಿ ಹೋಯ್ತು. ನಾಳೆ ಒಂಬತ್ತು ತಿಂಗಳ ಲಸಿಕೆಗೆ ಕರ್ಕೊಂಡು ಹೋಗ್ತಿದೀವಿ.